ಮಂಗಳೂರಲ್ಲಿ ಊರಿನವರು ಉಣ್ಣುವ ಹೋಟೆಲ್ ಹುಡುಕುವುದು ಹೇಗೆ?

ರಜೆ ಶುರುವಾದರೆ ಸಾಕು, ನನ್ನ ಫೋನಿಗೆ ಒಂದೇ ಮೆಸೇಜು ಬೇರೆ ಬೇರೆ ನಂಬರಿನಿಂದ ಬರುತ್ತದೆ. "ಮಂಗಳೂರಿಗೆ ಬರ್ತಾ ಇದೀವಿ, ಒಳ್ಳೆ ಹೋಟೆಲ್ ಯಾವುದು ಹೇಳಿ."

ನಾನು ಹುಟ್ಟಿ ಬೆಳೆದಿದ್ದು ಹಾಸನದ ಕಡೆ. ಕೆಲಸದ ಮೇಲೆ ಮಂಗಳೂರಿಗೆ ಬಂದು 11 ವರ್ಷ ಆಯಿತು. ಬಂದ ಹೊಸದರಲ್ಲಿ ನಾನೂ ಇದೇ ಪ್ರಶ್ನೆ ಕೇಳುತ್ತಿದ್ದೆ. ಒಂದು ದಿನ ಹಂಪನಕಟ್ಟೆಯಲ್ಲಿ ಆಟೋ ಹತ್ತಿ ಡ್ರೈವರ್ ಹತ್ತಿರ ಕೇಳಿದೆ, "ಅಣ್ಣ, ಇಲ್ಲಿ ಒಳ್ಳೆ ಹೋಟೆಲ್ ಯಾವುದು?"

"ಎಂತ ತಿನ್ಲಿಕ್ಕೆ?"

"ಮೀನು."

"ಮೀನಲ್ಲಿ ಎಂತ? ಫ್ರೈಯಾ, ಗಸಿಯಾ? ಫ್ರೈಗಾದ್ರೆ ಬಂದರಿಗೆ ಹೋಗುವ. ಪುಳಿಮುಂಚಿಗೆ ಬೇರೆ ಕಡೆ ಉಂಟು. ಈಗ ಗಂಟೆ ಎಷ್ಟು? ಎರಡೂವರೆಯಾ? ಹಾಗಾದ್ರೆ ಎರಡೂ ಕಷ್ಟ ಮಾರಾಯ್ರೆ."

ಆ ನಾಲ್ಕು ಮಾತಲ್ಲಿ ಈ ಊರಿನ ಊಟದ ಗುಟ್ಟು ಪೂರ್ತಿ ಇತ್ತು. ನನಗೆ ಅರ್ಥವಾಗಲು ಮಾತ್ರ ವರ್ಷ ಹಿಡಿಯಿತು. ಇಲ್ಲಿಯವರಿಗೆ "ಒಳ್ಳೆ ಹೋಟೆಲ್" ಅಂತ ಒಂದು ಹೋಟೆಲ್ ಇಲ್ಲ. ಬನ್ಸಿಗೆ ಒಂದು ಕಡೆ, ನೀರ್ ದೋಸೆಗೆ ಒಂದು ಕಡೆ, ಬೂತಾಯಿ ಮೀನಿಗೆ ಇನ್ನೊಂದು ಕಡೆ, ಐಸ್‌ಕ್ರೀಮಿಗೆ ಮತ್ತೊಂದು ಕಡೆ. ಅದೂ ಹೊತ್ತು ನೋಡಿ, ದಿನ ನೋಡಿ. ಹಾಗಾಗಿ ನಾನೀಗ ಹೋಟೆಲ್ ಹೆಸರುಗಳ ಪಟ್ಟಿ ಕಳಿಸುವುದು ಬಿಟ್ಟಿದ್ದೇನೆ. ಹುಡುಕುವ ದಾರಿ ಹೇಳಿಕೊಡುತ್ತೇನೆ. ಪಟ್ಟಿ ಎರಡು ವರ್ಷಕ್ಕೆ ಹಳತಾಗುತ್ತದೆ. ಅಡುಗೆಯವರು ಬದಲಾದರೆ ಎರಡೇ ತಿಂಗಳು ಸಾಕು.

ಮೊದಲ ಹೆಜ್ಜೆ: ಹೋಟೆಲ್ ಅಲ್ಲ, ತಿನಿಸು ಆರಿಸಿಕೊಳ್ಳಿ

ಬಸ್ಸೋ ರೈಲೋ ಹತ್ತುವ ಮೊದಲೇ ಒಂದು ಚೀಟಿಯಲ್ಲಿ ನಾಲ್ಕೈದು ತಿನಿಸು ಬರೆದುಕೊಳ್ಳಿ. ಎರಡು ದಿನದ ಪ್ರವಾಸಕ್ಕೆ ಅಷ್ಟು ಸಾಕು. ಏನು ಬರೆದುಕೊಳ್ಳಬೇಕು ಎಂದು ಗೊತ್ತಿಲ್ಲದವರಿಗೆ ಸ್ವಲ್ಪ ಪರಿಚಯ ಮಾಡಿಕೊಡುತ್ತೇನೆ.

ಬೆಳಗಿನ ತಿಂಡಿಗೆ ಬನ್ಸ್. ಹೆಸರು ಕೇಳಿ ಬೇಕರಿ ಬನ್ನು ಅಂದುಕೊಳ್ಳಬೇಡಿ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸ್ವಲ್ಪ ಸಕ್ಕರೆ, ಜೀರಿಗೆ ಹಾಕಿ ಕಲಸಿ, ರಾತ್ರಿ ಇಟ್ಟು, ಬೆಳಿಗ್ಗೆ ದಪ್ಪ ಪೂರಿಯ ಹಾಗೆ ಕರಿಯುತ್ತಾರೆ. ಸಿಹಿ ಬನ್ಸ್ ಜೊತೆ ಖಾರದ ಚಟ್ನಿ, ಸಾಂಬಾರು. ಮೊದಲ ತುತ್ತಿಗೆ ಗೊಂದಲ ಆಗುತ್ತದೆ, ಎರಡನೆಯದಕ್ಕೆ ಅಭ್ಯಾಸ ಆಗುತ್ತದೆ. ಬಿಸ್ಕುಟ್ ರೊಟ್ಟಿ ಇನ್ನೊಂದು. ಹೊರಗೆ ಪೂರಿಯಂತೆ ಗರಿಗರಿ, ಒಳಗೆ ತೆಳ್ಳಗೆ ಖಾರದ ಮಸಾಲೆ.

ಮಧ್ಯಾಹ್ನಕ್ಕೆ ಮೀನೂಟ. ಇದರ ಬಗ್ಗೆ ಮುಂದೆ ಜಾಸ್ತಿ ಹೇಳುವುದಿದೆ.

ಸಂಜೆಗೆ ಗೋಳಿಬಜೆ. ಬೆಂಗಳೂರಲ್ಲಿ ಮಂಗಳೂರು ಬಜ್ಜಿ ಅನ್ನುವುದು ಇದನ್ನೇ. ಆದರೆ ಇಲ್ಲಿ ಬಾಣಲೆಯಿಂದ ಇಳಿದ ಐದು ನಿಮಿಷದೊಳಗೆ ತಿನ್ನಬೇಕು. ಆರಿದ ಮೇಲೆ ಅದು ರಬ್ಬರು.

ರಾತ್ರಿಗೆ ಕೋರಿ ರೊಟ್ಟಿ ಅಥವಾ ನೀರ್ ದೋಸೆ ಜೊತೆ ಕೋಳಿ ಗಸಿ. ಕೋರಿ ಅಂದರೆ ತುಳುವಿನಲ್ಲಿ ಕೋಳಿ. ರೊಟ್ಟಿ ಅಂದರೆ ಅಕ್ಕಿಯ ಒಣ ಹಾಳೆ, ಹಪ್ಪಳದಷ್ಟು ಗರಿಗರಿ. ಮುರಿದು ತಟ್ಟೆಗೆ ಹಾಕಿಕೊಂಡು ಮೇಲೆ ಬಿಸಿ ಸಾರು ಸುರಿದುಕೊಳ್ಳಬೇಕು. ಪೂರ್ತಿ ನೆನೆಯಲು ಬಿಡಬೇಡಿ. ಅರ್ಧ ಮೆತ್ತಗೆ, ಅರ್ಧ ಗರಿಗರಿ ಇರುವಾಗಲೇ ತಿನ್ನಬೇಕು. ತುಪ್ಪದಲ್ಲಿ ಹುರಿದ ಕೋಳಿ, ಅಂದರೆ ಘೀ ರೋಸ್ಟ್, ಇಲ್ಲಿ ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ತವರು ಕುಂದಾಪುರ. ಉಡುಪಿ ದಾಟಿ ಆ ಕಡೆ ಹೋಗುವವರಿದ್ದರೆ ಅದನ್ನು ಅಲ್ಲಿಗೇ ಉಳಿಸಿಕೊಳ್ಳಿ.

ಮೂರು ಪದಗಳನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಗಸಿ ಅಂದರೆ ತೆಂಗಿನಕಾಯಿ ಅರೆದು ಹಾಕಿದ ದಪ್ಪ ಸಾರು. ಪುಳಿಮುಂಚಿ ಅಂದರೆ ಹುಳಿ ಮತ್ತು ಮೆಣಸು, ಖಾರ ಹುಳಿ ಎರಡೂ ಮುಂದೆ. ಸುಕ್ಕಾ ಅಂದರೆ ತೆಂಗಿನ ತುರಿ ಹಾಕಿ ಒಣಗಿಸಿ ಮಾಡಿದ್ದು. ಈ ಮೂರು ಗೊತ್ತಿದ್ದರೆ ಯಾವ ಮೆನುವೂ ಕಷ್ಟವಲ್ಲ.

ಎರಡನೆಯದು: ಗಡಿಯಾರ ನೋಡಿ

ಇಲ್ಲಿ ಜನ ಸೋಲುವುದು ಹೊತ್ತಿನ ವಿಷಯದಲ್ಲೇ. ನನ್ನದೇ ಒಂದು ಅನುಭವ ಹೇಳುತ್ತೇನೆ. ಮೊದಲ ವರ್ಷ ಅಪ್ಪ ಅಮ್ಮ ಬಂದಿದ್ದರು. ಪಣಂಬೂರು ಬೀಚು ನೋಡಿ, ನೀರಲ್ಲಿ ಆಡಿ, ಊಟಕ್ಕೆ ಹೊರಟಾಗ ಮೂರೂವರೆ. ನಾನು ಅಂದುಕೊಂಡಿದ್ದ ಎರಡೂ ಕಡೆ ಬಾಗಿಲು ಅರ್ಧ ಎಳೆದಿತ್ತು. ಹಸಿವು ತಡೆಯದೆ ಹೆದ್ದಾರಿ ಪಕ್ಕದ ದೊಡ್ಡ ಹೋಟೆಲೊಂದಕ್ಕೆ ನುಗ್ಗಿದೆವು. ರೇಟು ಕೇಳದೆ ಅಂಜಲ್ ಮೀನಿನ ಫ್ರೈ ಹೇಳಿದೆವು. ಮೀನು ತುಂಬಾ ದಿನ ಫ್ರೀಜರಿನಲ್ಲಿದ್ದದ್ದು, ಹತ್ತಿಯ ಹಾಗಿತ್ತು. ಬಿಲ್ಲು ನೋಡಿ ಅಪ್ಪ ಏನೂ ಮಾತಾಡಲಿಲ್ಲ. "ಮಂಗಳೂರು ಮೀನು ಅಂದ್ರೆ ಇದೇನಾ?" ಅಂತ ಅಮ್ಮ ಕೇಳಿದ್ದು ನನಗೆ ಇವತ್ತಿಗೂ ನೋವು.

ಆದ್ದರಿಂದ ಹೊತ್ತು ಹೀಗಿರಲಿ. ತಿಂಡಿಗೆ ಬೆಳಿಗ್ಗೆ ಎಂಟೂವರೆಯೊಳಗೆ ಹೋಗಿ. ಹತ್ತು ಗಂಟೆಗೆ ಬನ್ಸ್ ಖಾಲಿಯಾಗಿರಬಹುದು, ಉಳಿದಿದ್ದರೂ ತಣ್ಣಗಾಗಿರುತ್ತದೆ. ಮೀನೂಟಕ್ಕೆ ಹನ್ನೆರಡೂವರೆಗೆ ಕುರ್ಚಿಯಲ್ಲಿರಿ. ಒಂದು ಗಂಟೆಗೆ ಬ್ಯಾಂಕಿನವರು, ಆಫೀಸಿನವರು, ಅಂಗಡಿಯವರು ಒಟ್ಟಿಗೆ ಬರುತ್ತಾರೆ. ಎರಡು ಗಂಟೆ ದಾಟಿದರೆ ಒಳ್ಳೆಯ ಮೀನು ಒಂದೊಂದಾಗಿ ಖಾಲಿಯಾಗುತ್ತದೆ. ಮೂರರಿಂದ ಏಳರವರೆಗೆ ಎಷ್ಟೋ ಊಟದ ಹೋಟೆಲುಗಳಲ್ಲಿ ಒಲೆ ಆರಿರುತ್ತದೆ. ಆ ಹೊತ್ತು ಕಾಫಿ, ಗೋಳಿಬಜೆ, ಚರುಮುರಿ, ಐಸ್‌ಕ್ರೀಮಿನದು. ರಾತ್ರಿ ಊಟಕ್ಕೆ ಎಂಟು ಗಂಟೆ ಸರಿ.

ಮೂರನೆಯದು: ಸಮುದ್ರ ಏನು ಹೇಳುತ್ತದೆ ಕೇಳಿ

ಮೀನು ತಿನ್ನಲೆಂದೇ ಬರುವವರು ತಿಂಗಳು ನೋಡಲೇಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಅದು ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟಾಗಿರುತ್ತದೆ. ಆಗ ನಾಡದೋಣಿಯವರು ತರುವ ಸ್ವಲ್ಪ ಮೀನು ಬಿಟ್ಟರೆ ಉಳಿದದ್ದು ಹೊರಗಿನಿಂದ ಬಂದದ್ದು, ಇಲ್ಲವೇ ಐಸಿನಲ್ಲಿಟ್ಟದ್ದು. ರೇಟೂ ಜಾಸ್ತಿ.

ಹಾಗಂತ ಮಳೆಗಾಲದಲ್ಲಿ ಬರಬೇಡಿ ಅನ್ನುವುದಿಲ್ಲ. ನನಗೆ ಕೇಳಿದರೆ ಊರಿನ ನಿಜವಾದ ರುಚಿ ಮಳೆಗಾಲದಲ್ಲೇ ಇದೆ. ತುಳುವರ ಆಟಿ ತಿಂಗಳು ಬರುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ ಅಂದರೆ ಎಳೆ ಬಿದಿರು, ತಜಂಕು ಸೊಪ್ಪು, ಹಲಸಿನ ಬೀಜ, ಒಣಮೀನಿನ ಚಟ್ನಿ ಎಲ್ಲ ಆಗ ಸಿಗುತ್ತವೆ. ಮನೆಗಳಲ್ಲಿ ಮಾಡುವ ಅಡುಗೆ ಇದು, ಆದರೆ ಆ ದಿನಗಳಲ್ಲಿ ಎಷ್ಟೋ ಸಣ್ಣ ಹೋಟೆಲುಗಳು "ಪತ್ರೊಡೆ ಉಂಟು" ಅಂತ ಕೈಬರಹದ ಚೀಟಿ ಅಂಟಿಸುತ್ತವೆ. ಆ ಚೀಟಿ ಕಂಡರೆ ಒಳಗೆ ಹೋಗಿ. ಅಚ್ಚಾದ ಮೆನುವಿಗಿಂತ ಕೈಬರಹದ ಚೀಟಿಯನ್ನು ನಾನು ಹೆಚ್ಚು ನಂಬುತ್ತೇನೆ. ಅದು ಇವತ್ತು ಬರೆದದ್ದು.

ವಾರವನ್ನೂ ಸ್ವಲ್ಪ ನೋಡಿ. ಸೋಮವಾರ, ಸಂಕ್ರಮಣ, ಚೌತಿ, ನವರಾತ್ರಿ ದಿನಗಳಲ್ಲಿ ಊರಿನ ಎಷ್ಟೋ ಜನ ಮೀನು ಮಾಂಸ ಮುಟ್ಟುವುದಿಲ್ಲ. ಆ ದಿನ ಮೀನಿನ ಹೋಟೆಲಲ್ಲಿ ಗಿರಾಕಿ ಕಡಿಮೆ, ತರುವ ಮೀನೂ ಕಡಿಮೆ. ಅಂಥ ದಿನವನ್ನು ಸಸ್ಯಾಹಾರಕ್ಕೆ ಇಟ್ಟುಕೊಂಡರೆ ಎರಡೂ ಚೆನ್ನಾಗಿ ಸಿಗುತ್ತದೆ.

ನಾಲ್ಕನೆಯದು: ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಲಾಡ್ಜಿನ ಕೌಂಟರಿನಲ್ಲಿ ಕೇಳಿದರೆ ದೊಡ್ಡ ಹೆಸರೇ ಬರುತ್ತದೆ. ಅವರ ತಪ್ಪಲ್ಲ. ನೀವು ಪ್ರವಾಸಿಗರು, ನಿಮಗೆ ಎಸಿ ಬೇಕು, ಖಾರ ಕಡಿಮೆ ಬೇಕು ಅಂದುಕೊಂಡು ಹೇಳುತ್ತಾರೆ. ಪ್ರಶ್ನೆ ಬದಲಾಯಿಸಿ. "ಒಳ್ಳೆ ಹೋಟೆಲ್ ಯಾವುದು?" ಅನ್ನಬೇಡಿ. "ನೀವು ನಿನ್ನೆ ಮಧ್ಯಾಹ್ನ ಎಲ್ಲಿ ಊಟ ಮಾಡಿದ್ರಿ?" ಅನ್ನಿ. "ಮನೆಗೆ ಪಾರ್ಸೆಲ್ ತಗೊಂಡು ಹೋಗೋದಾದ್ರೆ ಎಲ್ಲಿಂದ ತಗೋತೀರಿ?" ಅನ್ನಿ. ಮನೆಯವರಿಗೆ ಯಾರೂ ಕೆಟ್ಟ ಊಟ ಒಯ್ಯುವುದಿಲ್ಲ.

ಕೇಳಲು ತಕ್ಕ ಜನ ಯಾರು? ಆಟೋದವರು, ಖಂಡಿತ. ಬಸ್ ಕಂಡಕ್ಟರುಗಳು, ಮೆಡಿಕಲ್ ಶಾಪಿನ ಹುಡುಗರು, ಬಟ್ಟೆ ಅಂಗಡಿಯ ಸೇಲ್ಸ್‌ನವರು. ಇವರೆಲ್ಲ ದಿನಾ ಹೊರಗೆ ಉಣ್ಣುವವರು. ದುಡ್ಡಿಗೆ ತಕ್ಕ ಊಟ ಎಲ್ಲಿದೆ ಎಂದು ಇವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಎಲ್ಲರಿಗಿಂತ ಮೇಲೆ ಮೀನು ಮಾರುವ ಅಕ್ಕಂದಿರು. ಬೆಳಿಗ್ಗೆ ಬೇಗ ಏಳುವ ಮನಸ್ಸಿದ್ದರೆ ಬಂದರಿನ ಧಕ್ಕೆಗೆ ಹೋಗಿ. ಮೀನಿನ ದೋಣಿಗಳು ಬಂದು ನಿಲ್ಲುವ ಜಾಗಕ್ಕೆ ಊರಿನವರು ಧಕ್ಕೆ ಅನ್ನುತ್ತಾರೆ. ಕಾಲಿಗೆ ಹಳೆ ಚಪ್ಪಲಿ ಇರಲಿ, ನೆಲವೆಲ್ಲ ನೀರು ಮತ್ತು ಐಸು. ಬುಟ್ಟಿ ಬುಟ್ಟಿ ಬಂಗುಡೆ ಮೀನು ನೀಲಿ ಹಸಿರು ಬೆನ್ನು ಮಾಡಿಕೊಂಡು ಹೊಳೆಯುತ್ತಿರುತ್ತದೆ. ಕೆಲಸಕ್ಕೆ ಅಡ್ಡ ಬರದ ಹಾಗೆ ಬದಿಯಲ್ಲಿ ನಿಂತು ನೋಡಿ. ಒಮ್ಮೆ ನಾನು ಒಬ್ಬ ಅಕ್ಕನ ಹತ್ತಿರ ಕೇಳಿದೆ, "ಅಕ್ಕ, ಇವತ್ತು ಹೋಟೆಲಲ್ಲಿ ಯಾವ ಮೀನು ತಿನ್ನಬೇಕು?" ಅವರು ತಲೆ ಎತ್ತದೆಯೇ ಹೇಳಿದರು, "ಕಾಣೆ ಮೀನು ಕೇಳ್ಬೇಡಿ, ಇವತ್ತು ಬರ್ಲೇ ಇಲ್ಲ. ಬಂಗುಡೆ ಒಳ್ಳೇದುಂಟು. ಕೊಡ್ಡಾಯಿ ಇದ್ರೆ ಬಿಡ್ಬೇಡಿ." ಅವತ್ತು ಮಧ್ಯಾಹ್ನ ಹೋಟೆಲಿನಲ್ಲಿ ಕಾಣೆ ಇತ್ತು. ನಾನು ಬಂಗುಡೆ ಹೇಳಿದೆ. ಪಕ್ಕದ ಟೇಬಲ್ಲಿನವರೂ ಎಲ್ಲ ಬಂಗುಡೆಯನ್ನೇ ತಿನ್ನುತ್ತಿದ್ದರು.

ಎರಡು ಮಾತು ತುಳು ಕಲಿತುಕೊಳ್ಳಿ. "ಇನಿ ವಾ ಮೀನ್ ಉಂಡು?" ಅಂದರೆ ಇವತ್ತು ಯಾವ ಮೀನಿದೆ. "ಒಂತೆ ಕಜಿಪು ಪಾಡ್ಲೆ" ಅಂದರೆ ಸ್ವಲ್ಪ ಸಾರು ಹಾಕಿ. ಉಚ್ಚಾರ ತಪ್ಪಿದರೂ ಪರವಾಗಿಲ್ಲ. ಬಡಿಸುವವರ ಮುಖ ಅರಳುತ್ತದೆ, ಆಮೇಲೆ ಅವರೇ "ಅದು ಬೇಡ, ಇದು ತಗೊಳ್ಳಿ" ಅನ್ನಲು ಶುರು ಮಾಡುತ್ತಾರೆ. ಅದಕ್ಕಿಂತ ಒಳ್ಳೆಯ ಸಲಹೆ ಯಾವ ಆ್ಯಪಿನಲ್ಲೂ ಸಿಗುವುದಿಲ್ಲ.

ಫೋನನ್ನು ಹೇಗೆ ಬಳಸಬೇಕು

ಫೋನು ಬೇಡವೇ ಬೇಡ ಅನ್ನುವವನಲ್ಲ ನಾನು. ಆದರೆ ಮ್ಯಾಪಿನಲ್ಲಿ "ರೆಸ್ಟೋರೆಂಟ್" ಅಂತ ಹುಡುಕಬೇಡಿ. "ಬನ್ಸ್", "ಕೋರಿ ರೊಟ್ಟಿ", "ಮೀನೂಟ", "ಪುಳಿಮುಂಚಿ" ಅಂತ ಹುಡುಕಿ. ರಿವ್ಯೂಗಳನ್ನು ಹೊಸದರಿಂದ ಹಳತಿಗೆ ಜೋಡಿಸಿ ಓದಿ. ಬೈದಿರುವ ರಿವ್ಯೂಗಳನ್ನು ಬಿಡಬೇಡಿ. "ಜಾಗ ಸಣ್ಣದು, ಕಾಯಬೇಕು, ಎಸಿ ಇಲ್ಲ, ಬಡಿಸುವವರಿಗೆ ಮಾತಾಡಲು ಪುರುಸೊತ್ತಿಲ್ಲ" ಅಂತ ಬೈದಿದ್ದರೆ ಧೈರ್ಯವಾಗಿ ಹೋಗಿ. "ಮೀನು ವಾಸನೆ ಬಂತು, ಹೊಟ್ಟೆ ಕೆಟ್ಟಿತು" ಅಂತ ಇಬ್ಬರು ಮೂವರು ಬರೆದಿದ್ದರೆ ಬೇಡ. ಫೋಟೋಗಳಲ್ಲಿ ತಟ್ಟೆ ನೋಡುವ ಬದಲು ಹಿಂದೆ ಕೂತಿರುವ ಜನರನ್ನು ನೋಡಿ. ಆಫೀಸ್ ಐಡಿ ಕಾರ್ಡು ಕುತ್ತಿಗೆಗೆ ಹಾಕಿಕೊಂಡವರು, ವಯಸ್ಸಾದ ಗಂಡ ಹೆಂಡತಿ, ಒಬ್ಬರೇ ಕೂತು ಉಣ್ಣುವವರು ಕಂಡರೆ ಅದು ಊರಿನವರ ಜಾಗ.

ಹೆಸರಾದ ಹೋಟೆಲುಗಳನ್ನು ಪ್ರವಾಸಿಗರ ಜಾಗ ಅಂತ ತಳ್ಳಿಹಾಕುವವರೂ ಇದ್ದಾರೆ. ಮಂಗಳೂರಿನ ಮಟ್ಟಿಗೆ ಅದು ಸರಿಯಲ್ಲ. ಬಂದರಿನ ನಾರಾಯಣ ಹೋಟೆಲ್, ರಥಬೀದಿ ಹತ್ತಿರದ ಗಿರಿಮಂಜಾಸ್, ಕೊಡಿಯಾಲ್‌ಬೈಲಿನ ನ್ಯೂ ತಾಜ್ ಮಹಲ್ ಕೆಫೆ ಹೊರಗಿನವರಿಗೂ ಗೊತ್ತು, ಹಾಗಂತ ಊರಿನವರು ಇವನ್ನು ಬಿಟ್ಟಿಲ್ಲ. ಮೀನಿಗೆ ಮೊದಲ ಎರಡು, ಬನ್ಸಿಗೆ ಮೂರನೆಯದು. ಹೋಗುವುದಾದರೆ ರಜಾ ದಿನ ಬಿಟ್ಟು ಹೋಗಿ, ಬೇಗ ಹೋಗಿ. ಐಸ್‌ಕ್ರೀಮಿಗಂತೂ ಹುಡುಕಾಟವೇ ಬೇಡ. 1975ರಲ್ಲಿ ಶುರುವಾದ ಐಡಿಯಲ್ ಇದೆ, ಅವರದ್ದೇ ಪಬ್ಬಾಸ್ ಲಾಲ್‌ಬಾಗಿನಲ್ಲಿದೆ. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮು, ಹಣ್ಣು, ಜೆಲ್ಲಿ, ಗೋಡಂಬಿ ಪದರ ಪದರವಾಗಿ ಹಾಕಿದ ಗಡ್‌ಬಡ್ ಹೇಳಿ. ಸಂಜೆ ಮನೆ ಮಂದಿಯೆಲ್ಲ ಕೂಡಿ ಬಂದು ತಿನ್ನುವ ಊರಿನವರೇ ಅಲ್ಲಿ ಜಾಸ್ತಿ.

ಐದನೆಯದು: ಯಾವ ಬೀದಿಯಲ್ಲಿ ಯಾರ ಅಡುಗೆ

ಮಂಗಳೂರಿನ ಅಡುಗೆ ಅಂದರೆ ಒಂದೇ ಅಡುಗೆ ಅಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಒಂದೇ ಬೀದಿಯಲ್ಲಿ ಕೇಳಿಸುವ ಊರು ಇದು. ಮಾತು ಬದಲಾದ ಹಾಗೆ ಸಾರೂ ಬದಲಾಗುತ್ತದೆ.

ರಥಬೀದಿಯ ವೆಂಕಟರಮಣ ದೇವಸ್ಥಾನದ ಸುತ್ತ ಕೊಂಕಣಿ ಮಾತಾಡುವ ಗೌಡ ಸಾರಸ್ವತರ ಅಡುಗೆ ಹುಡುಕಿ. ಇಂಗಿನ ಒಗ್ಗರಣೆಯ ದಾಳಿ ತೋವೆ ಎಷ್ಟು ಸರಳ ಅಂದರೆ, ಬೇಳೆ, ಹಸಿಮೆಣಸು, ಇಂಗು ಅಷ್ಟೇ, ಆದರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತೀರಿ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಖೊಟ್ಟೊ ಸಿಕ್ಕರೆ ತಪ್ಪಿಸಬೇಡಿ. ಎಲೆಯ ವಾಸನೆ ಇಡ್ಲಿಯೊಳಗೆ ಇಳಿದಿರುತ್ತದೆ. ಸಸ್ಯಾಹಾರಿಗಳಿಗೆ ಈ ಬೀದಿ ನನ್ನ ಮೊದಲ ಆಯ್ಕೆ.

ಬಂದರಿನ ಕಡೆ ಮೀನಿನ ಊಟ, ಜೊತೆಗೆ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಅಡುಗೆ. ಪತ್ತಿರ್ ಅನ್ನುವ ಅಕ್ಕಿ ರೊಟ್ಟಿ, ಬಿರಿಯಾನಿ. ರಂಜಾನ್ ತಿಂಗಳಲ್ಲಿ ಬಂದಿದ್ದರೆ ಸಂಜೆ ಆ ಬೀದಿಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿ, ಕಾಲು ತಾನಾಗಿ ನಿಲ್ಲುತ್ತದೆ.

ಕ್ಯಾಥೊಲಿಕರ ಅಡುಗೆ ಹೋಟೆಲಿಗಿಂತ ಮನೆಯಲ್ಲೇ ಹೆಚ್ಚು. ಆದರೂ ಇಡ್ಲಿಯಂಥ ಸಾನ್ನಾಂ ಮತ್ತು ಬಫಾತ್ ಅನ್ನುವ ಹಂದಿಮಾಂಸದ ಖಾರದ ಸಾರು ಮಾಡುವ ಸಣ್ಣ ಹೋಟೆಲುಗಳು ಹಂಪನಕಟ್ಟೆ, ವೆಲೆನ್ಸಿಯಾ, ಬೆಂದೂರು ಕಡೆ ಸಿಗುತ್ತವೆ. ಭಾನುವಾರ ಇಗರ್ಜಿ ಬಿಟ್ಟ ಮೇಲೆ ಜನ ಎಲ್ಲಿ ಪಾರ್ಸೆಲ್‌ಗೆ ನಿಂತಿದ್ದಾರೆ ನೋಡಿ. ಕ್ರಿಸ್‌ಮಸ್ ಹತ್ತಿರ ಬಂದಿದ್ದರೆ ಬೇಕರಿಗಳಲ್ಲಿ ಕುಸ್ವಾರ್ ಕೇಳಿ. ಹಬ್ಬಕ್ಕೆಂದು ಮಾಡುವ ಬಗೆಬಗೆಯ ತಿಂಡಿಗಳ ಪೊಟ್ಟಣ ಅದು.

ಬಂಟರ ಕೋಳಿ, ಮೊಗವೀರರ ಮೀನು ಸಾರು ಎಲ್ಲ ಕಡೆ ಹರಡಿದೆ. ಅದಕ್ಕೆ ಬೀದಿ ಹೇಳಲು ಬರುವುದಿಲ್ಲ, ಬೋರ್ಡು ನೋಡಬೇಕು. "ಲಂಚ್ ಹೋಮ್" ಅಂತ ಇದ್ದರೆ ಸಾಮಾನ್ಯವಾಗಿ ಮೀನು, ಕೋಳಿ ಎರಡೂ ಸಿಗುತ್ತದೆ. "ಬಾರ್ ಆ್ಯಂಡ್ ರೆಸ್ಟೋರೆಂಟ್" ಅಂತ ಇದ್ದರೆ ಮಕ್ಕಳ ಜೊತೆ ಬಂದವರು ಹಿಂದೆ ಸರಿಯುತ್ತಾರೆ. ಸರಿಯಬೇಕಿಲ್ಲ. ಊರಿನ ಎಷ್ಟೋ ಒಳ್ಳೆಯ ಅಡುಗೆ ಮನೆಗಳು ಇಂಥ ಕಡೆಯೇ ಇವೆ. ಬಾಗಿಲಲ್ಲಿ "ಫ್ಯಾಮಿಲಿ ರೂಮ್ ಉಂಟಾ?" ಅಂತ ಕೇಳಿ, ಬೇರೆ ಕೋಣೆ ಇದ್ದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಇಲ್ಲ ಅಂದರೆ ಪಾರ್ಸೆಲ್ ತಗೊಳ್ಳಿ.

ಆರನೆಯದು: ಒಳಗೆ ಹೋದ ಮೇಲೆ

ಒಂದು ಮಧ್ಯಾಹ್ನದ ಊಟವನ್ನು ಹತ್ತಿರದಿಂದ ತೋರಿಸುತ್ತೇನೆ. ಬಂದರಿನ ಒಂದು ಸಣ್ಣ ಹೋಟೆಲು. ಹನ್ನೆರಡೂ ಮುಕ್ಕಾಲು. ಆರು ಟೇಬಲ್ಲು, ಖಾಲಿ ಇದ್ದದ್ದು ಒಂದೇ ಕುರ್ಚಿ, ಗುರುತಿಲ್ಲದ ಮೂವರ ಜೊತೆ. ಹೀಗೆ ಜೊತೆಗೆ ಕೂರುವುದು ಇಲ್ಲಿ ಮಾಮೂಲಿ, ಸಂಕೋಚ ಬೇಡ. ಸ್ಟೀಲಿನ ತಟ್ಟೆ ಬರುತ್ತದೆ, ಅದರಲ್ಲಿ ಪಲ್ಯ, ಉಪ್ಪಿನಕಾಯಿ. ಆಮೇಲೆ ಅನ್ನ. ದಪ್ಪ ದಪ್ಪ, ಕೆಂಪು ಗೀರಿನ ಕುಚ್ಚಲಕ್ಕಿ ಅನ್ನ. ನಮ್ಮ ಕಡೆಯವರಿಗೆ ಮೊದಲು ಇದು ಬೆಂದಿಲ್ಲ ಅನ್ನಿಸುತ್ತದೆ. ಬೇಡವೆಂದರೆ "ಬೆಳ್ತಿಗೆ ಅನ್ನ ಉಂಟಾ?" ಅಂತ ಕೇಳಿ, ಬಿಳಿ ಅನ್ನ ಕೊಡುತ್ತಾರೆ. ಆದರೆ ಒಂದು ಸಲ ಕುಚ್ಚಲಕ್ಕಿಯಲ್ಲೇ ಉಂಡು ನೋಡಿ. ಮೀನಿನ ಸಾರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಆ ಅಕ್ಕಿಗಿದೆ.

ಸಾರು ಸುರಿದ ಕೂಡಲೇ ಹುರಿದ ಮೀನಿನ ದೊಡ್ಡ ತಟ್ಟೆ ಹಿಡಿದು ಒಬ್ಬರು ಬರುತ್ತಾರೆ. ಬಂಗುಡೆ, ಅಂಜಲಿನ ತುಂಡು, ಕಾಣೆ, ನಂಗ್, ಎಟ್ಟಿ ಅಂದರೆ ಸೀಗಡಿ. ಬ್ಯಾಡಗಿ ಮೆಣಸಿನ ಕೆಂಪು ಮಸಾಲೆ ಇನ್ನೂ ಚಿಟಿಚಿಟಿ ಅನ್ನುತ್ತಿರುತ್ತದೆ. ಇಲ್ಲಿ ತಡೆಯಿರಿ. ಊಟದ ರೇಟು ಬೇರೆ, ಈ ಮೀನಿನ ರೇಟು ಬೇರೆ. ದೊಡ್ಡ ಮೀನಿಗೆ ಸೈಜು ನೋಡಿ ರೇಟು ಹಾಕುತ್ತಾರೆ. ಬೆರಳು ತೋರಿಸಿ "ಇದಕ್ಕೆ ಎಷ್ಟು?" ಅಂತ ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಅವತ್ತು ನನ್ನ ಎದುರು ಕೂತಿದ್ದ ಅಜ್ಜ ದಿನಾ ಬರುವವರು, ಅವರೂ ಕೇಳಿದರು. ಆಮೇಲೆ ಒಂದು ಬಂಗುಡೆಯನ್ನು ತಿರುಗಿಸಿ ನೋಡಿ, ಬದಲಿಸಿ, ಇನ್ನೊಂದು ತಗೊಂಡರು.

ಏಕೆ ಬದಲಿಸಿದಿರಿ ಅಂತ ಕೇಳಿದೆ. "ಹೊಟ್ಟೆ ಒಡೆದಿತ್ತು" ಅಂದರು. ಹೊಟ್ಟೆ ಒಡೆದ ಮೀನು ಹಳತು. ತಾಜಾ ಬಂಗುಡೆ ಹುರಿದ ಮೇಲೂ ಇಡಿಯಾಗಿ, ಗಟ್ಟಿಯಾಗಿ ಇರುತ್ತದೆ. ಬೆರಳಿನಿಂದ ಒತ್ತಿದರೆ ಮಾಂಸ ಪದರ ಪದರವಾಗಿ ಮುಳ್ಳು ಬಿಟ್ಟು ಬರುತ್ತದೆ. ಪುಡಿಪುಡಿಯಾದರೆ, ಮೆತ್ತಗೆ ಹಿಟ್ಟಿನಂತಿದ್ದರೆ ಅದು ಐಸಿನಲ್ಲಿ ತುಂಬಾ ದಿನ ಕಳೆದಿದೆ. ಮಸಾಲೆ ವಿಪರೀತ ದಪ್ಪಗೆ ಮೆತ್ತಿದ್ದರೂ ನಾನು ಸ್ವಲ್ಪ ಯೋಚಿಸುತ್ತೇನೆ.

ಹೊಸಬರು ಎಲ್ಲರೂ ಅಂಜಲ್ ಕೇಳುತ್ತಾರೆ, ಮುಳ್ಳು ಕಡಿಮೆ ಅಂತ. ಮಕ್ಕಳಿಗೆ ಅದೇ ಸರಿ. ಆದರೆ ಊರಿನವರ ತಟ್ಟೆಯಲ್ಲಿ ಜಾಸ್ತಿ ಕಾಣುವುದು ಬಂಗುಡೆ ಮತ್ತು ಬೂತಾಯಿ. ರೇಟು ಕಡಿಮೆ, ರುಚಿ ಜಾಸ್ತಿ. ಬೂತಾಯಿಯ ಸಣ್ಣ ಮುಳ್ಳಿಗೆ ಹೆದರಬೇಡಿ, ನಿಧಾನ ತಿನ್ನಿ. ಮರ್ವಾಯಿ, ಅಂದರೆ ಕಪ್ಪೆಚಿಪ್ಪಿನ, ಸುಕ್ಕಾ ಇದ್ದರೆ ಒಂದು ಪ್ಲೇಟು ಹೇಳಿ ಹಂಚಿಕೊಳ್ಳಿ. ಚಿಪ್ಪಿನೊಳಗಿನ ಆ ಚಿಕ್ಕ ಮಾಂಸ, ತೆಂಗಿನ ತುರಿ, ಹುಳಿ ಮೂರೂ ಸೇರಿದ ರುಚಿ ಘಟ್ಟದ ಮೇಲೆ ಸಿಗುವುದಿಲ್ಲ.

ಮೊದಲ ಸಲ ಹೋದ ಜಾಗದಲ್ಲಿ ಒಟ್ಟಿಗೆ ಐದಾರು ಐಟಂ ಹೇಳಬೇಡಿ. ಊಟ, ಒಂದು ಫ್ರೈ. ಸರಿ ಅನ್ನಿಸಿದರೆ ಎರಡನೆಯದು. ಇಷ್ಟವಾಗದಿದ್ದರೆ ಎದ್ದು ಬರುವುದು ಸುಲಭ, ಹೊಟ್ಟೆಯಲ್ಲೂ ಜಾಗ ಇರುತ್ತದೆ. ಊಟದ ಕೊನೆಗೆ ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ, ಸಾರು ಅಥವಾ ಶರಬತ್ತು ಸಿಕ್ಕರೆ ಕುಡಿಯಿರಿ. ಇಷ್ಟೆಲ್ಲ ಖಾರಕ್ಕೆ ಅದೇ ಮದ್ದು.

ಸಸ್ಯಾಹಾರಿಗಳಿಗೆ ಒಂದು ಮಾತು. ಮೀನು ಮಾಡುವ ಹೋಟೆಲಿನಲ್ಲಿ "ವೆಜ್ ಊಟವೂ ಉಂಟು" ಅಂತ ಹೇಳುತ್ತಾರೆ. ಸಿಗುತ್ತದೆ ನಿಜ, ಆದರೆ ಅಲ್ಲಿನವರ ಮನಸ್ಸು ಮೀನಿನಲ್ಲಿರುತ್ತದೆ. ನೀವು ರಥಬೀದಿಗೆ ಹೋಗಿ, ಇಲ್ಲವೇ ಹಳೆಯ ಸಸ್ಯಾಹಾರಿ ಹೋಟೆಲುಗಳಿಗೆ ಹೋಗಿ. ಮನೆ ಮಂದಿಯಲ್ಲಿ ಅರ್ಧ ಜನ ಮೀನು, ಅರ್ಧ ಜನ ಸಸ್ಯಾಹಾರ ಆಗಿದ್ದರೆ ಮಧ್ಯಾಹ್ನ ಬೇರೆ ಬೇರೆ ಉಂಡು ಸಂಜೆ ಗೋಳಿಬಜೆಗೆ ಒಟ್ಟು ಸೇರುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಹಾಗೇ ಮಾಡುವುದು.

ಊರಿನಿಂದ ಹೊರಡುವಾಗ

ಬೆಂಗಳೂರಿನ ದಾರಿ ಹಿಡಿದು ಸ್ವಂತ ಗಾಡಿಯಲ್ಲಿ ಹೋಗುವವರು ಬಿ.ಸಿ. ರೋಡ್ ದಾಟಿ ಕಲ್ಲಡ್ಕದಲ್ಲಿ ಹತ್ತು ನಿಮಿಷ ನಿಲ್ಲಿಸಿ. ಅಲ್ಲಿನ ಲಕ್ಷ್ಮೀ ನಿವಾಸ ಹೋಟೆಲಿನ ಕೆ.ಟಿ. ಅಂದರೆ ಕಲ್ಲಡ್ಕ ಟೀ. ಗಾಜಿನ ಲೋಟದಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ, ಎರಡೂ ಬೆರೆಯದೆ ಗೆರೆ ಹೊಡೆದ ಹಾಗೆ ನಿಂತಿರುತ್ತದೆ. ಫೋಟೋ ತೆಗೆದುಕೊಂಡು ಆಮೇಲೆ ಕಲಕಿ ಕುಡಿಯಿರಿ.

ಮನೆಗೆ ಒಯ್ಯಲು ಬಫಾತ್ ಪುಡಿ, ಹಲಸಿನ ಹಪ್ಪಳ, ಪುನರ್ಪುಳಿ ಸಿಪ್ಪೆ ತಗೊಳ್ಳಿ. ಇವು ಬೇಗ ಕೆಡುವುದಿಲ್ಲ. ಕೋರಿ ರೊಟ್ಟಿಯ ಪ್ಯಾಕೆಟ್ ಕೂಡ ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲಿ ಕೋಳಿ ಸಾರು ಮಾಡಿದ ದಿನ ಉಪಯೋಗಕ್ಕೆ ಬರುತ್ತದೆ. ಅದನ್ನು ಮಾತ್ರ ಬ್ಯಾಗಿನ ತಳಕ್ಕೆ ಹಾಕಬೇಡಿ, ಬಸ್ಸಿನ ಮೇಲಿನ ರ‍್ಯಾಕಿಗೂ ಬೇಡ. ಶಿರಾಡಿ ಘಾಟಿಯ ತಿರುವುಗಳಲ್ಲಿ ಪುಡಿಯಾಗಿ ಹೋಗುತ್ತದೆ. ತೊಡೆ ಮೇಲೆ ಇಟ್ಟುಕೊಂಡೇ ಹೋಗಿ.